ತೊಟ್ಟಿಗೆ ಅನುಮತಿ ಬೇಕು, ಅದರೊಳಗೆ ಬೀಳುವುದಕ್ಕೆ?

ಅಮೆರಿಕದ ಹಳೆಯ ನಗರಗಳಲ್ಲಿ ಒಂದು ಮನೆಯ ದುರಸ್ತಿ ಶುರುವಾಗಿದೆ ಎಂದು ನೆರೆಹೊರೆಗೆ ಮೊದಲು ಸಾರುವುದು ಬೀದಿಯಂಚಿಗೆ ಬಂದು ಕೂರುವ ಕಬ್ಬಿಣದ ತೊಟ್ಟಿ. ಅಲ್ಲಿ ಅದಕ್ಕೆ ಡಂಪ್‌ಸ್ಟರ್ ಎನ್ನುತ್ತಾರೆ. ತುಂಬಿದ ತೊಟ್ಟಿಯನ್ನು ಲಾರಿಯೇ ಯಂತ್ರದಿಂದ ಎತ್ತಿಕೊಂಡು ಹೋಗುವ ಏರ್ಪಾಟನ್ನು 1930ರ ದಶಕದಲ್ಲಿ ರೂಪಿಸಿದವರು ಟೆನೆಸೀ ರಾಜ್ಯದ ನಾಕ್ಸ್‌ವಿಲ್‌ನ ಗುತ್ತಿಗೆದಾರ ಜಾರ್ಜ್ ಡೆಂಪ್‌ಸ್ಟರ್. ಮುಂದೆ ಅವರು ಅದೇ ಊರಿನ ಮೇಯರ್ ಕೂಡ ಆದರು. ಈಗ ಮನೆ ಕೆಲಸಕ್ಕೆ ಬಾಡಿಗೆಗೆ ಸಿಗುವ ತೊಟ್ಟಿಗಳು ಸಾಮಾನ್ಯವಾಗಿ 10ರಿಂದ 40 ಘನ ಗಜದವರೆಗಿನವು. ಮಧ್ಯಮ ಗಾತ್ರದ 20 ಘನ ಗಜದ ತೊಟ್ಟಿಯಲ್ಲಿ ಸುಮಾರು 15 ಘನ ಮೀಟರ್ ಅವಶೇಷ ಹಿಡಿಯುತ್ತದೆ. ಅದರ ಉದ್ದ 22 ಅಡಿಯ ಆಸುಪಾಸು, ಅಗಲ 8 ಅಡಿಯ ಹತ್ತಿರ. ಎಂದರೆ ಬೀದಿಬದಿಯಲ್ಲಿ ಒಂದು ಕಾರು ನಿಲ್ಲುವ ಜಾಗವಂತೂ ಪೂರ್ತಿ ಬೇಕು.

ಊರಾಚೆಯ ಹೊಸ ಬಡಾವಣೆಯಲ್ಲಿ ಇದು ದೊಡ್ಡ ಸಂಗತಿಯಲ್ಲ. ಮನೆ ಮುಂದೆ ಕಾರು ನಿಲ್ಲಿಸುವ ಸ್ವಂತ ಜಾಗವಿರುತ್ತದೆ, ಫೋನ್ ಮಾಡಿದರೆ ಮಾರನೆಯ ದಿನ ತೊಟ್ಟಿ ಬರುತ್ತದೆ. ಆದರೆ ಬಾಸ್ಟನ್ನಿನ ಬೀಕನ್ ಹಿಲ್, ವಾಷಿಂಗ್ಟನ್ನಿನ ಜಾರ್ಜ್‌ಟೌನ್, ನ್ಯೂ ಆರ್ಲಿಯನ್ಸಿನ ಫ್ರೆಂಚ್ ಕ್ವಾರ್ಟರ್, ದಕ್ಷಿಣದ ಚಾರ್ಲ್ಸ್‌ಟನ್ ಮತ್ತು ಸವಾನಾ, ಇಂಥ ಪಾರಂಪರಿಕ ವಲಯಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಬೀದಿಗಳು ಕಿರಿದಾಗಿವೆ, ಕಾಲ ಕೆಳಗಿನ ಇಟ್ಟಿಗೆಯೂ ರಕ್ಷಿತ ವಸ್ತು. ಅಲ್ಲಿ ತೊಟ್ಟಿಯೊಂದನ್ನು ನಾಲ್ಕು ದಿನ ನಿಲ್ಲಿಸಲು ಬೀದಿ ಇಲಾಖೆ, ಅಗ್ನಿಶಾಮಕ ಇಲಾಖೆ, ಕಟ್ಟಡ ಇಲಾಖೆ, ಕೆಲವೆಡೆ ಪಾರಂಪರಿಕ ಆಯೋಗ, ಇವರೆಲ್ಲರ ಮಾತೂ ಬೇಕಾಗಬಹುದು. ಈ ನಿಯಮಗಳನ್ನೆಲ್ಲ ಒಟ್ಟಿಗಿಟ್ಟು ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ತೊಟ್ಟಿಯ ಹೊರಗೆ ಇರುವ ಪ್ರತಿಯೊಂದನ್ನೂ, ರಸ್ತೆ, ಕಲ್ಲು, ನಲ್ಲಿ, ಗೋಡೆ, ನಡೆದುಹೋಗುವ ಜನ, ಎಲ್ಲವನ್ನೂ ಅವು ಜೋಪಾನ ಮಾಡುತ್ತವೆ. ತೊಟ್ಟಿಯ ಒಳಗೆ ಬೀಳುವ ಹಳೆಯ ಮನೆಯ ಬಗ್ಗೆ ಹೆಚ್ಚುಕಡಿಮೆ ಏನನ್ನೂ ಕೇಳುವುದಿಲ್ಲ. ಇದು ಸರಿಪಡಿಸಬೇಕಾದ, ಸರಿಪಡಿಸಬಹುದಾದ ಕೊರತೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪಾರಂಪರಿಕ ವಲಯ ಎಂಬ ಕಲ್ಪನೆಯೇ ಅಮೆರಿಕದಲ್ಲಿ ಹೆಚ್ಚು ಹಳೆಯದಲ್ಲ. ಇಡೀ ಒಂದು ಪ್ರದೇಶವನ್ನು ಕಾನೂನಿನಡಿ ರಕ್ಷಿಸಿದ ಮೊದಲ ನಗರ ಚಾರ್ಲ್ಸ್‌ಟನ್, 1931ರಲ್ಲಿ. ಕೆಲವೇ ವರ್ಷಗಳಲ್ಲಿ ನ್ಯೂ ಆರ್ಲಿಯನ್ಸ್ ಫ್ರೆಂಚ್ ಕ್ವಾರ್ಟರ್‌ಗಾಗಿ ಅಧಿಕಾರವುಳ್ಳ ಆಯೋಗವನ್ನು ಪಡೆಯಿತು. ಜಾರ್ಜ್‌ಟೌನ್‌ಗೆ 1950ರಲ್ಲಿ ಸಂಸತ್ತೇ ಕಾಯ್ದೆ ಮಾಡಿತು, ಬೀಕನ್ ಹಿಲ್‌ಗೆ 1955ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ. ನ್ಯೂಯಾರ್ಕ್ ಎಚ್ಚೆತ್ತದ್ದು ಭವ್ಯವಾದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕಳೆದುಕೊಂಡ ಮೇಲೆ. 1963ರಲ್ಲಿ ಅದನ್ನು ಕೆಡವಲು ಶುರುಮಾಡಿದರು, 1965ರಲ್ಲಿ ಸ್ಮಾರಕ ಕಾನೂನು ಬಂತು, ಅದೇ ವರ್ಷ ಬ್ರೂಕ್ಲಿನ್ ಹೈಟ್ಸ್ ಆ ನಗರದ ಮೊದಲ ಪಾರಂಪರಿಕ ವಲಯವಾಯಿತು. ಖಾಸಗಿ ಆಸ್ತಿಯ ಮೇಲೆ ಇಂಥ ಕಟ್ಟುಪಾಡು ಹಾಕಬಹುದೇ ಎಂಬ ತಕರಾರಿಗೆ 1978ರಲ್ಲಿ ಸುಪ್ರೀಂ ಕೋರ್ಟ್ ಪೆನ್ ಸೆಂಟ್ರಲ್ ಪ್ರಕರಣದಲ್ಲಿ ಹೌದೆಂದು ಉತ್ತರ ಕೊಟ್ಟಿತು.

ಇಲ್ಲಿ ಮನೆ ಮಾಲೀಕರು ಪದೇ ಪದೇ ತಡವರಿಸುವ ಜಾಗ ಒಂದಿದೆ. ಕೇಂದ್ರ ಸರ್ಕಾರದ 1966ರ ಕಾಯ್ದೆಯಡಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯೊಂದು ನಡೆಯುತ್ತದೆ. ಆ ಪಟ್ಟಿಯಲ್ಲಿ ಮನೆ ಸೇರಿದೆ ಎಂದ ಮಾತ್ರಕ್ಕೆ ಖಾಸಗಿ ಮಾಲೀಕರು ತಮ್ಮ ಹಣದಲ್ಲಿ ಮಾಡುವ ಕೆಲಸಕ್ಕೆ ಯಾವ ತಡೆಯೂ ಇಲ್ಲ. ತಡೆಯುವ, ತಿದ್ದುವ ಅಧಿಕಾರ ಇರುವುದು ಊರು ತಾನೇ ಕಾನೂನು ಮಾಡಿ ಗುರುತಿಸಿದ ಸ್ಥಳೀಯ ವಲಯಕ್ಕೆ ಮತ್ತು ಅದರ ಆಯೋಗಕ್ಕೆ. ಒಂದೇ ಬೀದಿ ಎರಡು ಪಟ್ಟಿಯಲ್ಲೂ ಇರಬಹುದು, ಒಂದರಲ್ಲಿ ಮಾತ್ರ ಇರಬಹುದು, ಎರಡರ ಗಡಿರೇಖೆ ಬೇರೆಬೇರೆ ಮನೆಗಳ ನಡುವೆ ಹಾದುಹೋಗಬಹುದು. ಅಲ್ಲಿ ಹಳೆಯ ಮನೆ ಕೊಳ್ಳುವ ನಮ್ಮ ಕನ್ನಡಿಗರೂ ಈಗ ಇದ್ದಾರೆ. ಅವರು ಮನೆಯ ದಲ್ಲಾಳಿಯ ಮಾತನ್ನಷ್ಟೇ ನಂಬದೆ ನಗರದ ಯೋಜನಾ ಕಚೇರಿಯ ನಕ್ಷೆಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಸ್ಥಳೀಯ ಆಯೋಗ ತೊಟ್ಟಿಯ ಬಗ್ಗೆ ಏನು ಹೇಳುತ್ತದೆ? ಬಹುಪಾಲು ಊರುಗಳಲ್ಲಿ, ಏನೂ ಇಲ್ಲ. ಆಯೋಗದ ಕೆಲಸ ಸಾರ್ವಜನಿಕ ಬೀದಿಯಿಂದ ಕಾಣುವ ಕಟ್ಟಡದ ಹೊರಮೈ. ಬಾಗಿಲು, ಕಿಟಕಿ, ಮಾಡು, ಬಣ್ಣ, ಕಟಕಟೆ ಇವು ಬದಲಾಗುವುದಿದ್ದರೆ ಅದರ ಒಪ್ಪಿಗೆ ಪತ್ರ ಬೇಕು. ಕೆಲವು ದಿನ ನಿಂತು ಹೊರಟುಹೋಗುವ ತೊಟ್ಟಿಯನ್ನು ಅದು ತಾತ್ಕಾಲಿಕ ವಸ್ತುವೆಂದು ಬಿಟ್ಟುಬಿಡುತ್ತದೆ. ಹೋಟೆಲು ಅಥವಾ ಅಂಗಡಿಯೊಂದು ಕಾಯಂ ಆಗಿ ತೊಟ್ಟಿ ಇಟ್ಟು ಸುತ್ತ ಗೋಡೆ, ಗೇಟು ಕಟ್ಟಿಸುವುದಾದರೆ ಮಾತ್ರ ವಿಷಯ ಆಯೋಗದ ಮುಂದೆ ಬರುತ್ತದೆ, ಏಕೆಂದರೆ ಆಗ ಅದು ಬೀದಿಯ ನೋಟದ ಭಾಗ. ಈ ವಿಂಗಡಣೆ ಮೇಲ್ನೋಟಕ್ಕೆ ನ್ಯಾಯವಾಗಿಯೇ ಇದೆ.

ಹಾಗಾಗಿ ನಿಜವಾದ ಓಡಾಟ ಬೀದಿ ಇಲಾಖೆಯಲ್ಲಿ. ತೊಟ್ಟಿ ಸ್ವಂತ ಜಾಗದಲ್ಲಿ ನಿಂತರೆ ಸಾಮಾನ್ಯವಾಗಿ ಬೀದಿಯ ಪರವಾನಗಿ ಬೇಡ. ಒಂದು ಅಡಿಯಷ್ಟು ರಸ್ತೆಗೆ ಚಾಚಿದರೂ ಬೇಕು. ಹಳೆಯ ವಲಯಗಳಲ್ಲಿ ಸ್ವಂತ ಅಂಗಳವೇ ಇರದ ಕಾರಣ ಬಹುತೇಕ ಎಲ್ಲರೂ ಈ ಬಾಗಿಲು ತಟ್ಟಲೇಬೇಕು. ವಾಷಿಂಗ್ಟನ್‌ನಲ್ಲಿ ಸಾರಿಗೆ ಇಲಾಖೆ ಸಾರ್ವಜನಿಕ ಜಾಗದ ಬಳಕೆಗೆ ಆನ್‌ಲೈನ್ ಅರ್ಜಿ ತೆಗೆದುಕೊಳ್ಳುತ್ತದೆ. ವಸತಿ ಬೀದಿಯಾದರೆ ಕಾರು ನಿಲ್ಲಿಸಬಾರದೆಂಬ ಫಲಕವನ್ನು 72 ಗಂಟೆ ಮುಂಚೆಯೇ ಕಟ್ಟಬೇಕು. ನ್ಯೂಯಾರ್ಕಿನಲ್ಲಿಯೂ ಅಧಿಕಾರ ಸಾರಿಗೆ ಇಲಾಖೆಯದು. ಬಾಸ್ಟನ್‌ನಲ್ಲಿ ಲೋಕೋಪಯೋಗಿ ಇಲಾಖೆಯ ಬೀದಿ ಬಳಕೆ ಪರವಾನಗಿಯ ಜೊತೆಗೆ ಅಗ್ನಿಶಾಮಕ ಇಲಾಖೆಯೂ ಸೇರಿಕೊಳ್ಳುತ್ತದೆ. ಅರ್ಜಿಯಲ್ಲಿ ಕೇಳುವ ಸಂಗತಿಗಳು ಊರಿಂದೂರಿಗೆ ತುಸು ಬದಲಾದರೂ ಸಾರ ಒಂದೇ: ತೊಟ್ಟಿಯ ಅಳತೆ, ಯಾವ ಮನೆಯ ಮುಂದೆ, ಎಷ್ಟು ದಿನ, ಯಾವ ಕಂಪನಿಯದು, ಆ ಕಂಪನಿಯ ವಿಮೆಯಲ್ಲಿ ನಗರದ ಹೆಸರೂ ಸೇರಿದೆಯೇ, ರಾತ್ರಿ ಕಾಣುವಂತೆ ಹೊಳೆಯುವ ಪಟ್ಟಿ ಅಂಟಿಸಿದೆಯೇ. ಹಲವು ಊರುಗಳು ಕಟ್ಟಡ ಕೆಲಸದ ಪರವಾನಗಿ ಸಂಖ್ಯೆಯನ್ನೂ ಕೇಳುತ್ತವೆ. ಶುಲ್ಕ ದಿನಕ್ಕಿಷ್ಟು, ವಾರಕ್ಕಿಷ್ಟು, ಅಥವಾ ಆಕ್ರಮಿಸಿದ ಅಡಿಗಿಷ್ಟು.

ಅರ್ಜಿ ಹಾಕಬೇಕಾದವರು ಯಾರು ಎಂಬುದರಲ್ಲೇ ಅನೇಕ ಜಗಳಗಳ ಬೇರು ಇದೆ. ಬಾಡಿಗೆ ಕಂಪನಿ ಅದು ಗ್ರಾಹಕರ ಹೊಣೆ ಎನ್ನುತ್ತದೆ, ಗ್ರಾಹಕರು ಅದು ಗುತ್ತಿಗೆದಾರನ ಹೊಣೆ ಎಂದುಕೊಂಡಿರುತ್ತಾರೆ. ದಂಡದ ಚೀಟಿ ಬಂದಾಗ ಮೂವರೂ ಬಾಡಿಗೆ ಕರಾರನ್ನು ಮೊದಲ ಬಾರಿಗೆ ಓದುತ್ತಾರೆ. ಕರಾರಿಗೆ ಸಹಿ ಹಾಕುವ ಮುನ್ನವೇ ಅರ್ಜಿ ಯಾರ ಹೊಣೆ ಎಂಬ ಒಂದು ಸಾಲನ್ನು ಬರೆಸಿಕೊಳ್ಳುವುದು ಲೇಸು. ನ್ಯೂಯಾರ್ಕಿನಲ್ಲಿ ಇನ್ನೊಂದು ಪದರವೂ ಇದೆ. ಅಲ್ಲಿ ಕಸ ಸಾಗಣೆಯ ದಂಧೆ ದಶಕಗಳ ಕಾಲ ಮಾಫಿಯಾ ಹಿಡಿತದಲ್ಲಿತ್ತು. ಅದನ್ನು ಬಿಡಿಸಲು 1996ರಲ್ಲಿ ಒಂದು ಆಯೋಗ ರಚನೆಯಾಯಿತು. ಈಗ ಬೇರೆ ಹೆಸರಿನಲ್ಲಿರುವ ಅದೇ ಸಂಸ್ಥೆಯಲ್ಲಿ ನೋಂದಾಯಿಸದ ಕಂಪನಿ ಕಟ್ಟಡದ ಅವಶೇಷ ಸಾಗಿಸುವಂತಿಲ್ಲ.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಬಾಸ್ಟನ್‌ನಲ್ಲಿ ವಿದ್ಯಾರ್ಥಿಗಳ ಬಾಡಿಗೆ ಕರಾರುಗಳು ಸೆಪ್ಟೆಂಬರ್ 1ಕ್ಕೆ ಬದಲಾಗುವುದರಿಂದ ಆ ವಾರ ಬೀದಿಯಂಚು ಸಿಗುವುದೇ ಕಷ್ಟ. ನ್ಯೂ ಆರ್ಲಿಯನ್ಸ್‌ನಲ್ಲಿ ಮಾರ್ಡಿ ಗ್ರಾ ಮೆರವಣಿಗೆ ಸಾಗುವ ಬೀದಿಗಳಿಂದ ತೊಟ್ಟಿಗಳನ್ನು ಮೊದಲೇ ತೆರವು ಮಾಡಬೇಕು.

ಈ ನಿಯಮಗಳ ಪೈಕಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ಕಾಣುವವು ನೆಲಕ್ಕೆ ಸಂಬಂಧಿಸಿದವು. ಹೊಸ ರಸ್ತೆ ಡಾಂಬರಿನದು. ಒತ್ತಿ ಗೀರಿದರೆ ಮತ್ತೆ ಬಳಿಯಬಹುದು. ಪಾರಂಪರಿಕ ವಲಯದ ನೆಲ ಹಾಗಲ್ಲ. ಬೀಕನ್ ಹಿಲ್‌ನ ಇಟ್ಟಿಗೆಯ ಕಾಲುದಾರಿಗಳನ್ನು ತೆಗೆದು ಕಾಂಕ್ರೀಟು ಹಾಕಲು 1947ರಲ್ಲಿ ನಗರಾಡಳಿತ ಹೊರಟಾಗ ಅಲ್ಲಿನ ಹೆಂಗಸರು ಬಂದು ಆ ಇಟ್ಟಿಗೆಗಳ ಮೇಲೇ ಕೂತರು. ಇಟ್ಟಿಗೆ ಉಳಿಯಿತು. ಆ ವಲಯಕ್ಕೆ ಕಾನೂನಿನ ರಕ್ಷಣೆ ಬಂದದ್ದು ಅದಾದ ಎಂಟು ವರ್ಷಕ್ಕೆ. ನ್ಯೂಯಾರ್ಕಿನ ಪಾರಂಪರಿಕ ವಲಯಗಳಲ್ಲಿ ನೀಲಿಛಾಯೆಯ ಮರಳುಗಲ್ಲಿನ ಮತ್ತು ಗ್ರಾನೈಟಿನ ಚಪ್ಪಡಿಗಳಿರುವ ಕಾಲುದಾರಿಯನ್ನು ಬದಲಿಸಲು ಸ್ಮಾರಕ ಆಯೋಗದ ಒಪ್ಪಿಗೆ ಬೇಕು. ಇಂಥ ಕಲ್ಲಿನ ಮೇಲೆ ತೊಟ್ಟಿಯೊಂದನ್ನು ಲಾರಿಯಿಂದ ಜಾರಿಸಿ ಇಳಿಸಿದರೆ, ಅದರ ಉಕ್ಕಿನ ಗಾಲಿಗಳು ಕಲ್ಲಿನ ಮೂಲೆಯನ್ನು ಸೀಳುತ್ತವೆ. ಆದ್ದರಿಂದ ತೊಟ್ಟಿಯ ಕೆಳಗೆ ಮರದ ದಪ್ಪ ಹಲಗೆ ಹಾಸಲೇಬೇಕೆಂದು ಹಲವು ನಗರಗಳು ಕಡ್ಡಾಯ ಮಾಡಿವೆ. ಇದು ಅಗ್ಗದ, ಸರಳವಾದ, ನಿಜಕ್ಕೂ ಕೆಲಸ ಮಾಡುವ ನಿಯಮ.

ನೆಲದ ಕೆಳಗೂ ನೋಡಬೇಕು. ನ್ಯೂಯಾರ್ಕಿನ ಸೋಹೋ ವಲಯದಲ್ಲಿ ಎರಕದ ಕಬ್ಬಿಣದ ಮುಂಭಾಗವುಳ್ಳ ಹಳೆಯ ಕಟ್ಟಡಗಳ ನೆಲಮಾಳಿಗೆ ಕಾಲುದಾರಿಯ ಅಡಿಯವರೆಗೂ ಚಾಚಿಕೊಂಡಿದೆ. ಮೇಲೆ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿದ ಗಾಜಿನ ಬಿಲ್ಲೆಗಳ ಮೂಲಕ ಕೆಳಕ್ಕೆ ಬೆಳಕು ಇಳಿಯುತ್ತದೆ. ಸಿಯಾಟಲ್‌ನ ಪಯೊನಿಯರ್ ಸ್ಕ್ವೇರ್‌ನಲ್ಲಿ 1889ರ ಮಹಾ ಬೆಂಕಿಯ ನಂತರ ರಸ್ತೆಗಳನ್ನೇ ಎತ್ತರಿಸಿ ಕಟ್ಟಿದರು. ಹಳೆಯ ಮಟ್ಟದ ಕಾಲುದಾರಿ ಕೆಳಗೆ ಉಳಿಯಿತು, ಹೊಸದು ಅದರ ಮೇಲೆ ಚಾವಣಿಯಾಯಿತು. ಈಗಲೂ ಅಲ್ಲಿ ಕಾಲುದಾರಿಯ ಕೆಳಗೆ ಪೊಳ್ಳು, ಆದ್ದರಿಂದ ಮೇಲೆ ಭಾರ ಇಡಲು ನಿರ್ಬಂಧ. ಈ ಊರುಗಳಲ್ಲಿ ತೊಟ್ಟಿಯನ್ನು ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಎಂಜಿನಿಯರು.

ಭಾರದ ಲೆಕ್ಕ ಹಳೆಯ ಮನೆಗಳಲ್ಲಿ ಇನ್ನೂ ಮುಖ್ಯ. ಒಂದು ಘನ ಗಜ ಇಟ್ಟಿಗೆ ಸುಮಾರು ಒಂದೂವರೆ ಟನ್ ತೂಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮನೆಯ ಗೋಡೆ ಎಂದರೆ ತೆಳ್ಳಗಿನ ಮರದ ಪಟ್ಟಿಗಳ ಮೇಲೆ ಮೂರು ಪದರ ಗಾರೆ. ಒಂದೇ ಕೋಣೆಯದನ್ನು ಕೆತ್ತಿದರೂ ರಾಶಿ ಬೀಳುತ್ತದೆ. ಸಣ್ಣ ತೊಟ್ಟಿಗಳಿಗೆ ಕಂಪನಿಗಳು ಹಾಕುವ ತೂಕದ ಮಿತಿ ಎರಡು ಮೂರು ಟನ್ನಿನ ಸುತ್ತಮುತ್ತ. ದೊಡ್ಡ ತೊಟ್ಟಿ ತಂದರೆ ಅಗ್ಗವೆಂದು ಹೋಗಿ, ಅದರ ಅರ್ಧವೂ ತುಂಬುವ ಮೊದಲೇ ತೂಕ ಮೀರಿ, ಲಾರಿ ಎತ್ತಲಾಗದೆ ನಿಂತ ಪ್ರಸಂಗಗಳು ಈ ವೃತ್ತಿಯಲ್ಲಿ ಮಾಮೂಲು. ಕಿರಿದಾದ ಬೀದಿಯಲ್ಲಿ ಇನ್ನೊಂದು ದಾರಿಯೂ ಇದೆ. ಲಾರಿ ಬಂದು ಕಾಯುತ್ತದೆ, ಕೆಲಸಗಾರರು ಒಂದೆರಡು ಗಂಟೆಯಲ್ಲಿ ತುಂಬಿ ಕಳಿಸುತ್ತಾರೆ, ರಾತ್ರಿಗೆ ಬೀದಿಯಲ್ಲಿ ಏನೂ ಉಳಿಯುವುದಿಲ್ಲ. ಹೀಗೆ ಮಾಡಿದರೆ ಬೇರೆಯವರು ಕತ್ತಲಲ್ಲಿ ತಮ್ಮ ಹಾಸಿಗೆ, ಟಿವಿ ತಂದು ನಮ್ಮ ತೊಟ್ಟಿಗೆ ಎಸೆಯುವ ಕಾಟವೂ ತಪ್ಪುತ್ತದೆ.

ಬೆಂಕಿಯ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಅಮೆರಿಕದ ಬಹಳಷ್ಟು ರಾಜ್ಯಗಳು ಅನುಸರಿಸುವ ಅಂತರರಾಷ್ಟ್ರೀಯ ಅಗ್ನಿ ಸಂಹಿತೆಯ ಪ್ರಕಾರ ಒಂದೂವರೆ ಘನ ಗಜ ಅಥವಾ ಅದಕ್ಕಿಂತ ದೊಡ್ಡ ತೊಟ್ಟಿಯು ಉರಿಯಬಲ್ಲ ಗೋಡೆ, ಬಾಗಿಲು, ಕಿಟಕಿ, ಸೂರಿನಂಚುಗಳಿಂದ 5 ಅಡಿ ದೂರವಿರಬೇಕು. ಮರದ ಮನೆಗಳು ತೋಳಿಗೆ ತೋಳು ತಾಗಿಸಿಕೊಂಡು ನಿಂತ ಬೀದಿಯಲ್ಲಿ ಆ 5 ಅಡಿ ಹುಡುಕುವುದು ಸುಲಭವಲ್ಲ. ಆದರೂ ಅದರಲ್ಲಿ ರಿಯಾಯಿತಿ ಕೇಳಬಾರದು. ಒಣ ಮರದ ಪಟ್ಟಿಗಳು ತುಂಬಿದ ತೊಟ್ಟಿಗೆ ಒಂದು ಸಿಗರೇಟಿನ ತುಂಡು ಬಿದ್ದರೆ ಇನ್ನೂರು ವರ್ಷ ಉಳಿದ ಸಾಲು ಒಂದೇ ರಾತ್ರಿಯಲ್ಲಿ ಹೋಗಬಹುದು.

ವಿಷದ ವಿಷಯದಲ್ಲಿ ನಿಯಮಗಳು ಇವೆ, ಆದರೆ ಅವುಗಳಲ್ಲಿ ತೂತುಗಳೂ ಇವೆ. ಮನೆಗೆ ಸೀಸದ ಬಣ್ಣ ಬಳಿಯುವುದು ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಗಳಲ್ಲಿ ಕೂಲಿಗೆ ಕೆಲಸ ಮಾಡುವ ಗುತ್ತಿಗೆದಾರರು ತರಬೇತಿ ಮತ್ತು ಪ್ರಮಾಣಪತ್ರ ಪಡೆದಿರಬೇಕು, ಅವಶೇಷದ ದೂಳು ಹೊರಗೆ ಹಾರದಂತೆ ಕಟ್ಟಿ ಸಾಗಿಸಬೇಕು, ಮೇಲಿನ ಮಹಡಿಯಿಂದ ತೊಟ್ಟಿಗೆ ಕೊಳವೆಯಲ್ಲಿ ಇಳಿಸುವುದಾದರೆ ಕೊಳವೆಗೆ ಮುಚ್ಚಿಗೆ ಇರಬೇಕು. ಈ ನಿಯಮ 2010ರ ಏಪ್ರಿಲ್ 22ರಿಂದ ಪೂರ್ತಿ ಜಾರಿಯಲ್ಲಿದೆ. ಆದರೆ ಮಾಲೀಕರೇ ತಾವು ವಾಸಿಸುವ ಮನೆಯನ್ನು ತಾವೇ ಕೆತ್ತಿದರೆ ಅದು ಅನ್ವಯಿಸುವುದಿಲ್ಲ. ಕಲ್ನಾರಿನ ಕುರಿತ ಕೇಂದ್ರದ ನಿಯಮವೂ ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಮನೆಗಳಿರುವ ವಸತಿ ಕಟ್ಟಡವನ್ನು ಹೊರಗಿಟ್ಟಿದೆ. ರಾಜ್ಯದ ನಿಯಮ ಬಿಗಿಯಾಗಿದ್ದರೆ ಮಾತ್ರ ರಕ್ಷಣೆ. ಪಕ್ಕದ ಮನೆಯ ಮಗು ಆಡುವ ಕಾಲುದಾರಿಯ ಮೇಲೆ ಕೂರುವ ದೂಳಿಗೆ, ಅದನ್ನು ಹಾರಿಸಿದವರು ಗುತ್ತಿಗೆದಾರರೋ ಮಾಲೀಕರೋ ಎಂಬ ವ್ಯತ್ಯಾಸ ತಿಳಿಯದು. ಬೀದಿಯ ಪರವಾನಗಿ ಕೊಡುವವರು ಮನೆ ಕಟ್ಟಿದ ವರ್ಷವನ್ನು ಕೇಳಿ, ತೊಟ್ಟಿಗೆ ಟಾರ್ಪಾಲು ಹೊದಿಸುವುದನ್ನು ಕಡ್ಡಾಯ ಮಾಡಿದರೆ ಈ ತೂತು ಬಹಳಷ್ಟು ಮುಚ್ಚುತ್ತದೆ.

ಇನ್ನು ತೊಟ್ಟಿಯ ಒಳಗಿನ ಮಾತು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ 2018ರಲ್ಲಿ ಆ ದೇಶದಲ್ಲಿ ಕಟ್ಟುವ ಮತ್ತು ಕೆಡವುವ ಕೆಲಸದಿಂದ ಹುಟ್ಟಿದ ಅವಶೇಷ 60 ಕೋಟಿ ಟನ್. ಮನೆ, ಅಂಗಡಿಗಳ ದಿನನಿತ್ಯದ ಕಸದ ಎರಡು ಪಟ್ಟಿಗೂ ಹೆಚ್ಚು. ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಅಧಿಕ ಪಾಲು ಕೆಡವಿದ್ದರಿಂದಲೇ ಬಂದದ್ದು. ಇದರಲ್ಲಿ ರಸ್ತೆ, ಸೇತುವೆಗಳದ್ದೂ ಸೇರಿದೆ ನಿಜ. ಆದರೆ ಪಾರಂಪರಿಕ ವಲಯದಿಂದ ಹೊರಡುವ ತೊಟ್ಟಿಯನ್ನು ಟನ್ನಿನಿಂದ ಅಳೆಯಲಾಗದು. ಅದರಲ್ಲಿ ಹೋಗುವುದು ಮತ್ತೆ ಸಿಗದ ಸಾಮಗ್ರಿ. ನಿಧಾನವಾಗಿ ಬೆಳೆದ ಹಳೆಯ ಕಾಡಿನ ದೇವದಾರಿನ ನೆಲಹಾಸು, ಜವುಗು ನೆಲದ ಸೈಪ್ರೆಸ್ ಮರದ ಬಾಗಿಲು, ಬಾಯಿಂದ ಊದಿ ಮಾಡಿದ ಗಾಜು ಕೂತ ಕಿಟಕಿ, ಅಚ್ಚಿನಲ್ಲಿ ಎಳೆದ ಗಾರೆಯ ಅಂಚುಪಟ್ಟಿ, ಅಗ್ಗಿಷ್ಟಿಕೆಯ ಸುತ್ತಲಿನ ಕೆತ್ತನೆಯ ಚೌಕಟ್ಟು. ಆ ಕಾಡುಗಳು ಇಂದು ಇಲ್ಲ, ಆ ಮರದ ಸಾಂದ್ರತೆ ಇಂದಿನ ತೋಪಿನ ಮರಕ್ಕೆ ಬರುವುದಿಲ್ಲ.

ಇವುಗಳಲ್ಲಿ ಹೆಚ್ಚಿನವು ಮನೆಯ ಒಳಗಿನವು. ಆಯೋಗದ ಅಧಿಕಾರವೋ ಹೊರಮೈಗೆ ನಿಲ್ಲುತ್ತದೆ. ಬೀದಿಗೆ ಕಾಣುವ ಒಂದು ಕಿಟಕಿಯ ಬದಲಾವಣೆಗೆ ಸಭೆ ಸೇರಿ ಚರ್ಚಿಸುವ ಊರಿನಲ್ಲೇ, ಆ ಕಿಟಕಿಯ ಹಿಂದಿನ ಇಡೀ ಮೆಟ್ಟಿಲಸಾಲು ಯಾರ ಗಮನಕ್ಕೂ ಬಾರದೆ ತೊಟ್ಟಿಗೆ ಹೋಗಬಹುದು. ನ್ಯೂಯಾರ್ಕ್ 1973ರಿಂದ ಒಳಾಂಗಣಗಳಿಗೂ ಸ್ಮಾರಕದ ಸ್ಥಾನ ಕೊಡುತ್ತಿದೆ, ಆದರೆ ಅದು ಸಾರ್ವಜನಿಕರು ಪ್ರವೇಶಿಸಬಹುದಾದ ರಂಗಮಂದಿರ, ಬ್ಯಾಂಕು, ಹೋಟೆಲುಗಳಿಗೆ. ಯಾರ ಮನೆಯ ಒಳಗನ್ನೂ ಮುಟ್ಟುವುದಿಲ್ಲ. ಖಾಸಗಿ ಬದುಕಿನ ಒಳಗೆ ಸರ್ಕಾರ ಇಣುಕಬಾರದೆಂಬ ತತ್ತ್ವವನ್ನು ನಾನೂ ಗೌರವಿಸುತ್ತೇನೆ. ಆದರೆ ತೊಟ್ಟಿ ನಿಂತಿರುವುದು ಸಾರ್ವಜನಿಕ ಬೀದಿಯಲ್ಲಿ, ಸಾರ್ವಜನಿಕರ ಅನುಮತಿಯಿಂದ. ಒಳಗಿನ ವಸ್ತು ಹೊರಗೆ ಬರುವ, ಕಣ್ಣಿಗೆ ಬೀಳುವ ಕಟ್ಟಕಡೆಯ ಜಾಗ ಅದೇ. ಅಲ್ಲಿ ಒಂದು ಪ್ರಶ್ನೆ ಕೇಳಿದರೆ ಯಾರ ಮನೆಗೂ ನುಗ್ಗಿದಂತಾಗುವುದಿಲ್ಲ.

ಚಾರ್ಲ್ಸ್‌ಟನ್‌ನ ಇಟ್ಟಿಗೆಗಳನ್ನೇ ನೋಡಿ. ಆ ಊರಿನ ಹಳೆಯ ಗೋಡೆಗಳಲ್ಲಿ ಕೆಲವು ಇಟ್ಟಿಗೆಗಳ ಮೇಲೆ ಬೆರಳಿನ ಗುರುತುಗಳಿವೆ. ಅವು ಹಸಿ ಇಟ್ಟಿಗೆಯನ್ನು ಅಚ್ಚಿನಿಂದ ಎತ್ತಿ ಬಿಸಿಲಿಗೆ ಇಟ್ಟ ಗುಲಾಮರ ಬೆರಳುಗಳವು. ಕೆಲವು ಗುರುತುಗಳು ಎಷ್ಟು ಸಣ್ಣವೆಂದರೆ ಅವು ಮಕ್ಕಳದೇ ಇರಬೇಕು. ಆ ಜನರ ಹೆಸರು ಬಹುತೇಕ ಯಾವ ದಾಖಲೆಯಲ್ಲೂ ಇಲ್ಲ. ತೋಟದ ಲೆಕ್ಕದ ಪುಸ್ತಕದಲ್ಲಿ ಸಂಖ್ಯೆಯಾಗಿ ಇದ್ದರೆ ಹೆಚ್ಚು. ಸವಾನಾದ ಬೂದುಬಣ್ಣದ ಪ್ರಸಿದ್ಧ ಇಟ್ಟಿಗೆಯೂ ಹಾಗೆಯೇ, ನದಿದಡದ ಹರ್ಮಿಟೇಜ್ ತೋಟದಲ್ಲಿ ಗುಲಾಮರು ಸುಟ್ಟದ್ದು. ಹಿತ್ತಲಿನ ಅಡಿಗೆಮನೆಯ ಗೋಡೆಯೊಂದನ್ನು ಒಡೆದು ಇಂಥ ಇಟ್ಟಿಗೆಯನ್ನು ತೊಟ್ಟಿಗೆ ಎಸೆದಾಗ, ಒಂದು ಜೀವ ಭೂಮಿಯ ಮೇಲೆ ಬಿಟ್ಟುಹೋದ ಏಕೈಕ ಗುರುತು ಹೋಗಿರಬಹುದು. ಬೀದಿಯಿಂದ ಕಾಣದ ಗೋಡೆಯಾದ್ದರಿಂದ ಹಲವು ಊರುಗಳ ನಿಯಮ ಅಲ್ಲಿಗೆ ತಲುಪುವುದೇ ಇಲ್ಲ. ತೊಟ್ಟಿಯ ಪರವಾನಗಿ ಮಾತ್ರ ಕ್ರಮಬದ್ಧವಾಗಿರುತ್ತದೆ, ಹೊಳೆಯುವ ಪಟ್ಟಿ ಅಂಟಿಸಿರುತ್ತದೆ, ಕೆಳಗೆ ಹಲಗೆ ಹಾಸಿರುತ್ತದೆ.

ಹಾಗಾದರೆ ಎಲ್ಲವನ್ನೂ ಬಿಡಿಸಿ ಮಾರಲು ಪ್ರೋತ್ಸಾಹಿಸಿದರೆ ಸಾಲದೇ? ಇಲ್ಲಿ ಇತಿಹಾಸ ನಮ್ಮನ್ನು ಎಚ್ಚರಿಸುತ್ತದೆ. ಸವಾನಾದಲ್ಲಿ 1950ರ ದಶಕದ ಹೊತ್ತಿಗೆ ಹಳೆಯ ಬೂದು ಇಟ್ಟಿಗೆಗೆ ಎಷ್ಟು ಬೇಡಿಕೆ ಹುಟ್ಟಿತ್ತೆಂದರೆ, ಇಟ್ಟಿಗೆಗಾಗಿಯೇ ಮನೆಗಳನ್ನು ಕೆಡವುತ್ತಿದ್ದರು. 1955ರಲ್ಲಿ ಡೆವನ್‌ಪೋರ್ಟ್ ಮನೆಯೂ ನೆಲಸಮವಾಗಲಿತ್ತು. ಏಳು ಮಂದಿ ಮಹಿಳೆಯರು ಹಣ ಕೂಡಿಸಿ ಅದನ್ನು ಕೊಂಡು ಉಳಿಸಿದರು. ಐತಿಹಾಸಿಕ ಸವಾನಾ ಪ್ರತಿಷ್ಠಾನ ಹುಟ್ಟಿದ್ದು ಹಾಗೆ. ಸೇಂಟ್ ಲೂಯಿಸ್ ನಗರದಲ್ಲಿ ಇನ್ನೂ ಭೀಕರ: ಅಲ್ಲಿನ ಕೆಂಪಿಟ್ಟಿಗೆಗೆ ಬೇರೆ ರಾಜ್ಯಗಳಲ್ಲಿ ಬೆಲೆ ಬಂದಾಗ ಕಳ್ಳರು ಖಾಲಿ ಮನೆಗಳಿಗೆ ಬೆಂಕಿ ಹಚ್ಚಿದರು. ಅಗ್ನಿಶಾಮಕದವರ ನೀರಿನ ರಭಸಕ್ಕೆ ಗಾರೆ ಸಡಿಲವಾಗುತ್ತದೆ, ಆಮೇಲೆ ಇಟ್ಟಿಗೆ ಬಿಡಿಸುವುದು ಸುಲಭ. ಆದ್ದರಿಂದ ಹಳೆಯ ಸಾಮಗ್ರಿಯ ಮಾರುಕಟ್ಟೆ ತಾನೇ ತಾನಾಗಿ ರಕ್ಷಕನಾಗದು. ಮೊದಲು ಇದ್ದಲ್ಲೇ ಉಳಿಸಬೇಕು. ಆಗದಿದ್ದರೆ ಅದೇ ಮನೆಯಲ್ಲಿ ಬೇರೆಡೆ ಬಳಸಬೇಕು. ಅದೂ ಆಗದಿದ್ದರೆ ಮಾತ್ರ ಹೊರಗೆ ಕೊಡಬೇಕು. ತೊಟ್ಟಿ ಬರಬೇಕಾದದ್ದು ನಾಲ್ಕನೆಯ ಸ್ಥಾನದಲ್ಲಿ. ಆದರೆ ಇಂದು ದುರಸ್ತಿಗೆ ಹೊರಟವರು ಮೊದಲು ಮಾಡುವ ಕೆಲಸವೇ ತೊಟ್ಟಿಯ ಬಾಡಿಗೆ.

ಎಸೆದದ್ದನ್ನು ಎತ್ತಿಕೊಳ್ಳುವ ಒಂಟಿ ಹೋರಾಟ ಎಷ್ಟು ದುಬಾರಿ ಎಂಬುದಕ್ಕೆ ಶಿಕಾಗೋದ ರಿಚರ್ಡ್ ನಿಕೆಲ್ ಸಾಕ್ಷಿ. ವಾಸ್ತುಶಿಲ್ಪಿ ಲೂಯಿ ಸಲಿವನ್ ರೂಪಿಸಿದ ಕಟ್ಟಡಗಳು ಒಂದೊಂದಾಗಿ ಉರುಳುತ್ತಿದ್ದಾಗ ಈ ಛಾಯಾಗ್ರಾಹಕ ಅವುಗಳ ಚಿತ್ರ ತೆಗೆದರು, ಅಲಂಕಾರದ ತುಣುಕುಗಳನ್ನು ಕೈಯಾರೆ ಬಿಡಿಸಿ ಹೊತ್ತು ತಂದರು. 1972ರಲ್ಲಿ ಷೇರು ವಿನಿಮಯ ಕೇಂದ್ರದ ಹಳೆಯ ಕಟ್ಟಡವನ್ನು ಕೆಡವುತ್ತಿದ್ದಾಗ ಒಳಗೆ ಹೋದ ಅವರು ಕುಸಿತಕ್ಕೆ ಸಿಕ್ಕಿ ಸತ್ತರು. ಆ ಕಟ್ಟಡದ ವಹಿವಾಟಿನ ಸಭಾಂಗಣವನ್ನು ಉಳಿದ ತುಣುಕುಗಳಿಂದ ಮತ್ತೆ ಜೋಡಿಸಿ ಶಿಕಾಗೋ ಕಲಾ ಸಂಸ್ಥೆಯಲ್ಲಿ ಇಟ್ಟಿದ್ದಾರೆ. ಒಬ್ಬ ವ್ಯಕ್ತಿಯ ಪ್ರಾಣಕ್ಕೆ ಬಿಟ್ಟ ಕೆಲಸವನ್ನು ಒಂದು ಊರಿನ ಅರ್ಜಿ ನಮೂನೆ ಮಾಡಬಹುದಿತ್ತಲ್ಲ ಎಂದು ಅನ್ನಿಸುತ್ತದೆ.

ಒಂದೆರಡು ಊರುಗಳು ಆ ದಿಕ್ಕಿನಲ್ಲಿ ನಡೆದಿವೆ. ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ 2016ರಲ್ಲಿ ಕಾನೂನು ಮಾಡಿ, 1916 ಅಥವಾ ಅದಕ್ಕೂ ಹಿಂದಿನ ಮನೆಗಳನ್ನು ಮತ್ತು ಪಾರಂಪರಿಕವೆಂದು ಗುರುತಿಸಿದವನ್ನು ಯಂತ್ರದಿಂದ ಪುಡಿಮಾಡುವಂತಿಲ್ಲ, ಕೈಯಿಂದ ಬಿಡಿಬಿಡಿಯಾಗಿ ಕಳಚಬೇಕು ಎಂದಿತು. 2020ರಲ್ಲಿ ಆ ಗಡಿಯನ್ನು 1940ಕ್ಕೆ ಸರಿಸಿತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊ 2022ರಲ್ಲಿ ಇಂಥದ್ದೇ ನಿಯಮ ತಂದಿತು. ಅಲ್ಲಿ ಇದರ ಮುಂದಾಳತ್ವ ಪಾರಂಪರಿಕ ರಕ್ಷಣಾ ಕಚೇರಿಯದೇ ಎಂಬುದು ಗಮನಿಸಬೇಕಾದ ಸಂಗತಿ: ಕಳಚುವ ಕೆಲಸಗಾರರಿಗೆ ತರಬೇತಿ, ಬಿಡಿಸಿದ ಮರಮುಟ್ಟಿಗೆ ದಾಸ್ತಾನು, ಎರಡನ್ನೂ ಒಂದೇ ಕಚೇರಿ ನೋಡಿಕೊಳ್ಳುತ್ತದೆ. ಬಾಲ್ಟಿಮೋರ್‌ನಲ್ಲಿ 1984ರಿಂದ ಕಟ್ಟಡ ಸಾಮಗ್ರಿಯನ್ನು ಪಡೆದು ಬಡ ಕುಟುಂಬಗಳಿಗೆ ಕಡಿಮೆ ಬೆಲೆಗೆ ಒದಗಿಸುವ ಲೋಡಿಂಗ್ ಡಾಕ್ ಇದೆ. ಆಲ್ಬನಿಯಲ್ಲಿ ಪರಂಪರೆ ಪ್ರತಿಷ್ಠಾನವೇ ಹಳೆಯ ಬಾಗಿಲು, ಹಿಡಿ, ಕಂಬಗಳ ಉಗ್ರಾಣ ನಡೆಸುತ್ತದೆ. ಆದರೆ ಪೋರ್ಟ್‌ಲೆಂಡ್, ಸ್ಯಾನ್ ಆಂಟೋನಿಯೊ ನಿಯಮಗಳು ಇಡೀ ಮನೆ ಕೆಡವುವಾಗ ಅನ್ವಯಿಸುವಂಥವು. ಮನೆ ನಿಂತೇ ಇದ್ದು ಒಳಗು ಖಾಲಿಯಾಗುವ ದುರಸ್ತಿ, ಎಂದರೆ ಪಾರಂಪರಿಕ ವಲಯದಲ್ಲಿ ನಿತ್ಯ ನಡೆಯುವ ಕೆಲಸ, ಅವುಗಳ ಕೈಗೆ ಸಿಗುವುದಿಲ್ಲ.

ಆ ಅಂತರಕ್ಕೆ ಒಂದು ಮಾದರಿ ಈಗಾಗಲೇ ಇದೆ, ಅದೂ ಕೇಂದ್ರ ಸರ್ಕಾರದ್ದೇ. ಬಾಡಿಗೆ ಅಥವಾ ವ್ಯಾಪಾರದಿಂದ ಆದಾಯ ತರುವ ಪಾರಂಪರಿಕ ಕಟ್ಟಡವನ್ನು ಸರಿಯಾದ ಕ್ರಮದಲ್ಲಿ ನವೀಕರಿಸಿದರೆ ಖರ್ಚಿನ ನೂರಕ್ಕೆ 20 ಪಾಲು ತೆರಿಗೆಯಲ್ಲಿ ವಜಾ ಸಿಗುತ್ತದೆ. ಅದಕ್ಕೆ ಅರ್ಜಿ ಹಾಕುವವರು ಕೆಲಸಕ್ಕೆ ಮುಂಚಿನ ಒಳ, ಹೊರ ಛಾಯಾಚಿತ್ರಗಳನ್ನು ಕೊಡಬೇಕು, ಏನನ್ನು ಉಳಿಸುತ್ತೇವೆ, ಏನನ್ನು ತೆಗೆಯುತ್ತೇವೆ ಎಂದು ಬರೆಯಬೇಕು. ಕೆಟ್ಟದ್ದನ್ನು ಬದಲಿಸುವ ಮೊದಲು ರಿಪೇರಿ ಸಾಧ್ಯವೇ ನೋಡಬೇಕು ಎಂಬುದು ಅಲ್ಲಿನ ಮುಖ್ಯ ಮಾನದಂಡಗಳಲ್ಲೊಂದು. ತಾವೇ ವಾಸಿಸುವ ಮನೆಗೆ ಈ ರಿಯಾಯಿತಿ ಇಲ್ಲ, ಹಾಗಾಗಿ ಆ ಶಿಸ್ತೂ ಅಲ್ಲಿಗೆ ಬಂದಿಲ್ಲ.

ಬೀದಿಯ ಪರವಾನಗಿಯ ಅರ್ಜಿಯಲ್ಲಿ ಆ ಶಿಸ್ತಿನ ಸಣ್ಣ ರೂಪವನ್ನು ತರಬಹುದು. ಪಾರಂಪರಿಕ ವಲಯದೊಳಗೆ ತೊಟ್ಟಿ ನಿಲ್ಲಿಸುವವರು ಏನು ಹೊರಹಾಕುತ್ತಿದ್ದೇವೆ ಎಂದು ನಾಲ್ಕು ಸಾಲು ಬರೆದು, ತೆಗೆಯಲಿರುವ ಭಾಗದ ಕೆಲವು ಚಿತ್ರ ಲಗತ್ತಿಸಲಿ. ಅರ್ಜಿಯ ಪ್ರತಿ ಆಯೋಗದ ಸಿಬ್ಬಂದಿಗೆ ತಾನಾಗಿ ಹೋಗಲಿ. ಅವರಿಗೆ ತಡೆಯುವ ಅಧಿಕಾರ ಕೊಡಬೇಕಿಲ್ಲ. ಈ ಬಾಗಿಲು ಯಾವ ಕಾಲದ್ದು, ಇದನ್ನು ರಿಪೇರಿ ಮಾಡಬಲ್ಲ ಬಡಗಿ ಯಾರು, ಬೇಡವಾದರೆ ಕೊಂಡೊಯ್ಯುವ ಉಗ್ರಾಣ ಎಲ್ಲಿದೆ ಎಂದು ತಿಳಿಸುವ ಎರಡು ದಿನದ ಅವಕಾಶ ಸಾಕು. ಫಲಕ ಕಟ್ಟಿ 72 ಗಂಟೆ ಕಾಯುವ ಊರಿನಲ್ಲಿ ಆ ಎರಡು ದಿನ ಹೇಗೂ ಇದ್ದೇ ಇದೆ.

ಸಿಬ್ಬಂದಿ ಸಾಲದು ಎಂಬ ಆಕ್ಷೇಪ ಬರುತ್ತದೆ, ಅದು ನಿಜ ಕೂಡ. ಎಷ್ಟೋ ಸಣ್ಣ ಊರುಗಳಲ್ಲಿ ಇಡೀ ಆಯೋಗದ ಕಡತ ನೋಡುವವರು ಒಬ್ಬರೇ. ಜನ ಸುಳ್ಳು ಬರೆಯುತ್ತಾರೆ ಎಂಬ ಆಕ್ಷೇಪವೂ ಬರುತ್ತದೆ. ಆದರೆ ಹಳೆಯ ಮನೆಯನ್ನು ಹಣ ಸುರಿದು ಕೊಂಡವರಲ್ಲಿ ಹೆಚ್ಚಿನವರು ದ್ವೇಷದಿಂದ ಅದರ ಒಳಗನ್ನು ಎಸೆಯುವುದಿಲ್ಲ, ತಿಳಿಯದೆ ಎಸೆಯುತ್ತಾರೆ. ಕಿಟಕಿ ಹಳತಾಯಿತು, ಹೊಸದು ಹಾಕೋಣ ಎಂದು ಗುತ್ತಿಗೆದಾರ ಹೇಳಿದ್ದನ್ನು ನಂಬುತ್ತಾರೆ. ಆ ಹಳೆಯ ಮರಕ್ಕೆ ಹಗ್ಗ, ಗಾಜು, ಲಪ್ಪ ಬದಲಿಸಿದರೆ ಇನ್ನೂ ನೂರು ವರ್ಷ ಬರುತ್ತದೆ ಎಂದು ಅವರಿಗೆ ಹೇಳಬೇಕಾದ ವೇಳೆಯಲ್ಲಿ ಯಾರೂ ಹೇಳಿರುವುದಿಲ್ಲ. ಪರವಾನಗಿ ಶುಲ್ಕದ ಒಂದು ಭಾಗವನ್ನು ಅಂಥ ಒಬ್ಬ ಅನುಭವಿ ಬಡಗಿಯ ಸಲಹೆಗೆಂದು ತೆಗೆದಿಟ್ಟರೆ, ತೊಟ್ಟಿ ಇಳಿಯುವ ಮುನ್ನ ಅವರು ಒಮ್ಮೆ ಮನೆಗೆ ಬಂದು ನೋಡಿಹೋಗಬಹುದು. ಆಮೇಲೆ ಬೇಕಾಗುವ ತೊಟ್ಟಿಯ ಅಳತೆ 20 ಘನ ಗಜದಿಂದ 10ಕ್ಕೆ ಇಳಿದರೂ ಇಳಿಯಬಹುದು, ಬಾಡಿಗೆಯೂ ಬೀದಿಯ ಜಾಗವೂ ಉಳಿಯುತ್ತದೆ.